ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲುಗಳು

ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟರೆ, ಹಳೆಯ ಮೈಸೂರು ಹೆದ್ದಾರಿಯ ಬದಿಯಲ್ಲಿ ಹಳ್ಳಿಯ ಬದುಕಿನ ವಸ್ತುಗಳನ್ನು ಒಟ್ಟುಮಾಡಿಟ್ಟ ಒಂದು ಆವರಣ ಸಿಗುತ್ತದೆ. ಬಸ್ಸುಗಳಲ್ಲಿ ಬರುವ ಶಾಲೆಯ ಮಕ್ಕಳು ಗೊಂಬೆ, ಮುಖವಾಡ, ಗಾಡಿ, ನೇಗಿಲು ನೋಡಿಕೊಂಡು ಹೋಗುತ್ತಾರೆ. ನಾನು ಹೋದದ್ದು ಒಂದು ಪ್ರಶ್ನೆ ಇಟ್ಟುಕೊಂಡು. ನಮ್ಮ ಹಳ್ಳಿಯ ಜನ ಸಾವನ್ನು, ಅಗಲಿಕೆಯನ್ನು, ಹಣೆಬರಹವನ್ನು ತಮ್ಮ ಹಾಡಿನಲ್ಲಿ, ಆಟದಲ್ಲಿ, ಕಲ್ಲಿನಲ್ಲಿ ಹೇಗೆ ಕಂಡರು?

ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಮನೆಬಳಕೆಯ ಸಾಮಾನು. ಸೇರು, ಪಾವು, ಕೊಳಗ, ಒರಳು, ಒನಕೆ. ಇಲ್ಲಿ ಸಾವಿನ ಮಾತೇ ಇಲ್ಲವಲ್ಲ ಎಂದುಕೊಂಡು ಮುಂದೆ ಹೋಗುವವನಿದ್ದೆ. ಬೀಸೋಕಲ್ಲಿನ ಮುಂದೆ ನಿಂತೆ. ಮರದ ಗೂಟ ಕೈ ತಾಗಿ ತಾಗಿ ನುಣುಪಾಗಿದೆ. ಬೆಳಗಿನ ಜಾವ ರಾಗಿ ಬೀಸುತ್ತ ಹೆಣ್ಣುಮಕ್ಕಳು ಹಾಡಿದ ಹಾಡುಗಳಲ್ಲಿ ದುಃಖದ್ದೇ ದೊಡ್ಡ ಪಾಲು. ತವರು ತಪ್ಪಿದ್ದು, ಮಗು ಹೋದದ್ದು, ಅಣ್ಣ ಬಾರದೆ ಉಳಿದದ್ದು.

ಉತ್ತರ ಕರ್ನಾಟಕದ ಕಡೆಯ ‘ಕೆರೆಗೆ ಹಾರ’ ಕಥನಗೀತೆ ನೆನಪಾದದ್ದು ಅಲ್ಲೇ. ಕೆರೆಗೆ ನೀರು ಬರಬೇಕಾದರೆ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕು ಎಂದು ಹಿರಿಯರು ತೀರ್ಮಾನಿಸುತ್ತಾರೆ. ಅವಳು ತವರಿಗೆ ಹೋಗುತ್ತಾಳೆ. ಕಣ್ಣೀರೇಕೆ ಎಂದು ಕೇಳಿದ ಅಪ್ಪ ಅವ್ವನಿಗೆ ಬೇರೇನೋ ನೆಪ ಹೇಳುತ್ತಾಳೆ. ಇದ್ದ ವಿಷಯ ಹೇಳುವುದು ಗೆಳತಿಗೆ ಮಾತ್ರ. ಆಮೇಲೆ ಕೆರೆಯ ಮೆಟ್ಟಿಲ ಮೇಲೆ ನೀರು ಪಾದ, ಮೊಣಕಾಲು, ನಡು, ಎದೆ ಎಂದು ಏರುತ್ತ ಹೋಗುತ್ತದೆ. ಸುದ್ದಿ ತಿಳಿದು ಓಡಿ ಬಂದ ಗಂಡನೂ ಅದೇ ಕೆರೆಗೆ ಹಾರುತ್ತಾನೆ. ಊರಿಗೆ ನೀರು ಸಿಕ್ಕಿತು ಎಂದು ಹಾಡು ಸಂಭ್ರಮಿಸುವುದಿಲ್ಲ. ಹೆತ್ತವರಿಗೂ ಹೇಳಲಾಗದ ಮಾತು ಅವಳಲ್ಲಿತ್ತು ಎಂಬುದನ್ನು ಹಾಡು ಮರೆಯದೆ ಹೇಳುತ್ತದೆ. ಆ ಸಾವನ್ನು ತೀರ್ಮಾನಿಸಿದ್ದು ವಿಧಿಯಲ್ಲ, ಮನೆಯ ಹಿರಿಯರು. ಕೇಳುವವರಿಗೆ ಇದು ಹಾಡಿನಿಂದಲೇ ಗೊತ್ತಾಗುತ್ತದೆ.

ಅಲ್ಲಿಂದ ತೊಗಲುಗೊಂಬೆಗಳ ಕಡೆಗೆ ಬಂದೆ. ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಬಣ್ಣ ಹಚ್ಚಿ, ಒಡವೆ ಇರುವಲ್ಲೆಲ್ಲ ಸಣ್ಣ ಸಣ್ಣ ತೂತು ಕೊರೆದ ಗೊಂಬೆಗಳು. ಶಿಳ್ಳೇಕ್ಯಾತರು ಇವನ್ನು ಪರದೆಯ ಹಿಂದೆ ಹಿಡಿದು ರಾಮಾಯಣ, ಭಾರತದ ಕಥೆ ಆಡಿಸುತ್ತ ಬಂದವರು. ಮಳೆ ಬರಲೆಂದು, ದನಕರುಗಳ ರೋಗ ಕಳೆಯಲೆಂದು ಊರಿನವರು ಆಟ ಕಟ್ಟಿಸುತ್ತಿದ್ದರು. ಒಂದು ದೊಡ್ಡ ಗೊಂಬೆಯ ಮುಂದೆ ಬಹಳ ಹೊತ್ತು ನಿಂತೆ. ಒಂದೇ ತೊಗಲಿನಲ್ಲಿ ರಥ, ಕುದುರೆ, ಕುಳಿತ ವೀರ. ಅರ್ಜುನನೋ ಕರ್ಣನೋ ನನಗೆ ಗುರುತು ಸಿಗಲಿಲ್ಲ. ಕರ್ಣನೇ ಆಗಿದ್ದರೆ ಅವನ ರಥದ ಗಾಲಿ ಕೊನೆಗೆ ಎಲ್ಲಿ ಹೂತುಹೋಗುತ್ತದೆ ಎಂಬುದು ನೋಡುವವರಿಗೆಲ್ಲ ಗೊತ್ತು. ಗೊತ್ತಿದ್ದೂ ಜನ ಬೆಳಗಿನವರೆಗೆ ಕೂತು ನೋಡುತ್ತಾರೆ. ನಡುನಡುವೆ ಹಾಸ್ಯದ ಗೊಂಬೆ ಕಿಳ್ಳೇಕ್ಯಾತ ಬಂದು ನಗಿಸುತ್ತಾನೆ. ಮಕ್ಕಳು ಮುದುಕರೆಲ್ಲ ಒಟ್ಟಿಗೆ ಕೂತು ನೋಡುವ ಸಾವಿನ ಕಥೆಯಲ್ಲಿ ಅಳುವಿಗೂ ನಗುವಿಗೂ ಒಂದೇ ಪರದೆ.

ಮುಂದಿನದು ವಾದ್ಯಗಳ ಸಾಲು. ತಂಬೂರಿ, ಗಗ್ಗರ, ಡಕ್ಕೆ, ತಾಳ ನೋಡಿದರೆ ಈ ಸೀಮೆಯವರಿಗೆ ನೀಲಗಾರರು ನೆನಪಾಗುತ್ತಾರೆ. ಅವರು ರಾತ್ರಿಯಿಡೀ ಹಾಡುವುದು ಮಂಟೇಸ್ವಾಮಿ ಕಾವ್ಯ. ಅದರ ಒಂದು ಮುಖ್ಯ ಭಾಗ ನಡೆಯುವುದು ಇಲ್ಲಿಗೆ ಹತ್ತಿರದಲ್ಲೇ, ಇದೇ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿದ ಮೇಲೆ ಸಿಗುವ ನಿಡಘಟ್ಟದಲ್ಲಿ. ಗುರು ಮಂಟೇಸ್ವಾಮಿ ಅಲ್ಲಿನ ಪಾಂಚಾಳರ ಮನೆಗೆ ಬಂದು ಮಗನನ್ನು ಕೊಡಿ ಎನ್ನುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಕೊನೆಗೆ ಮಗ ಗುರುವಿನ ಹಿಂದೆ ಹೋಗಿ ಸಿದ್ದಪ್ಪಾಜಿಯಾಗುತ್ತಾನೆ. ಪವಾಡದ ಭಾಗಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಕೊಡಲೊಲ್ಲೆ ಎಂದ ತಾಯಿಯ ಭಾಗ. ದೇವರೇ ಬಂದು ಕೇಳಿದರೂ ತಾಯಿಗೆ ಮಗ ಮಗನೇ. ಗುರುವನ್ನು ಕೊಂಡಾಡುವ ಕಾವ್ಯವೇ ಆ ತಾಯಿಯ ಹಟಕ್ಕೂ ಅಳುವಿಗೂ ಜಾಗ ಬಿಟ್ಟಿದೆ.

ಕಟ್ಟಡದಿಂದ ಹೊರಗೆ ಬಂದರೆ ಬಯಲಲ್ಲಿ, ಮರಗಳ ಕೆಳಗೆ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಶಾಲೆಯ ಮಕ್ಕಳು ಬೇಗ ದಾಟಿಹೋಗುವ ಜಾಗ. ನನಗೆ ಹೆಚ್ಚು ಹೊತ್ತು ಹಿಡಿದದ್ದು ಇಲ್ಲೇ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನಾನು ಆರಿಸಿಕೊಂಡ ಕಲ್ಲು ಸುಮಾರು ಎದೆಯೆತ್ತರದ್ದು, ಮೂರು ಪಟ್ಟಿಕೆಗಳದ್ದು. ತೀರ ಕೆಳಗೆ ಹೋರಾಟ: ಬಿಲ್ಲು ಹಿಡಿದ ಒಬ್ಬ, ಎದುರಿಗೆ ಕತ್ತಿ ಹಿಡಿದವರು, ಹಿಂದೆ ದನಗಳ ಸಾಲು. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿರಬೇಕು. ಅವನ ಕಾಲ ಬಳಿ ಏನೋ ಒಂದು ಪ್ರಾಣಿ ಇದೆ. ಸವೆದಿರುವುದರಿಂದ ಕರುವೋ ನಾಯಿಯೋ ತಿಳಿಯುವುದಿಲ್ಲ. ನಡುವಿನ ಪಟ್ಟಿಕೆಯಲ್ಲಿ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲೆ ಕರೆದೊಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ನೆತ್ತಿಯ ಮೇಲೆ ಸೂರ್ಯ, ಚಂದ್ರ. ಅವೆರಡು ಇರುವವರೆಗೆ ಇದು ನಿಲ್ಲಲಿ ಎಂಬ ಸಂಕೇತ.

ಕೆಳಗಿನ ಪಟ್ಟಿಕೆಯನ್ನು ಹತ್ತಿರದಿಂದ ನೋಡಿದಾಗ ಒಂದು ಸಂಗತಿ ಗಮನಕ್ಕೆ ಬಂತು. ಶಿಲ್ಪಿ ಎದುರಾಳಿಗಳ ಸಂಖ್ಯೆಯನ್ನು ಮುಚ್ಚಿಟ್ಟಿಲ್ಲ. ಇವನು ಒಬ್ಬ, ಅವರು ಹಲವರು. ಹೇಗೆ ಸತ್ತ ಎಂಬುದನ್ನು ಮೊದಲು ಹೇಳಿ, ಸ್ವರ್ಗದ ಮಾತು ಆಮೇಲೆ.

ಬರಹವಿರುವ ವೀರಗಲ್ಲುಗಳು ಇನ್ನೂ ಒಂದು ವಿಷಯ ಹೇಳುತ್ತವೆ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟ ದಾಖಲೆ ಅನೇಕ ಕಲ್ಲುಗಳಲ್ಲಿದೆ. ನೆತ್ತರುಕೊಡಗೆ, ಬಾಳ್ಗಚ್ಚು, ಕಲ್ನಾಡು ಎಂದು ಅದಕ್ಕೆ ಹೆಸರುಗಳು. ಬೆಂಗಳೂರಿನ ಹೆಸರಿರುವ ಬೇಗೂರಿನ ಸುಮಾರು ಕ್ರಿ.ಶ. 890ರ ಶಾಸನವೂ ಕಾಳಗದಲ್ಲಿ ಸತ್ತವನೊಬ್ಬನ ನೆನಪಿನದೇ. ಚನ್ನಪಟ್ಟಣಕ್ಕೆ ಪಕ್ಕದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949–50ರ ಕಲ್ಲೊಂದು ಸಿಕ್ಕಿತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಹೇಳುವ ಕಥೆ ಇದು: ತಕ್ಕೋಲದ ಯುದ್ಧದ ಶೌರ್ಯಕ್ಕೆ ಮೆಚ್ಚಿದ ದೊರೆ ಏನು ಬೇಕು ಎಂದಾಗ ವೀರನೊಬ್ಬ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಕಾಳಿ ಒಂದು ದೊಡ್ಡ ಹಂದಿಯ ಜೊತೆ ಸೆಣಸಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡರೆ ಪಾಪ ಎಂದೂ ಬರೆಸಿದರು. ನಾಯಿಯ ಸಾವಿಗೂ ಋಣ ತೀರಿಸಬೇಕು ಎಂದುಕೊಂಡ ಜನ ಅವರು.

ಸಾಲಿನಲ್ಲಿ ಗಂಡ ಸತ್ತಾಗ ಬೆಂಕಿಗೆ ಹೋದವಳ ನೆನಪಿನ ಮಾಸ್ತಿಕಲ್ಲೂ ಇದೆ. ಕಂಬದಿಂದ ಹೊರಚಾಚಿದ ಬಲಗೈ, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಅಂಗೈ, ಮುಂಗೈ ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಇದರ ಮುಂದೆ ನನಗೆ ಸಮಾಧಾನವಾಗಲಿಲ್ಲ. ಕೆತ್ತನೆ ಚೆನ್ನಾಗಿದೆ, ಬಳೆಗಳನ್ನು ಒಂದೊಂದಾಗಿ ಎಣಿಸಬಹುದು. ಆದರೆ ಬೆಂಕಿಗೆ ಹೋದವಳು ತಾನಾಗಿ ಹೋದಳೋ, ಹೋಗಬೇಕಾಯಿತೋ ಎಂಬುದಕ್ಕೆ ಈ ಕೈಯಲ್ಲಿ ಉತ್ತರವಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿರುವ ಕ್ರಿ.ಶ. 1057ರ ದೇಕಬ್ಬೆಯ ಶಾಸನವನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಬೇಕು. ತಲಕಾಡಿನಲ್ಲಿ ಗಂಡನನ್ನು ಕೊಲ್ಲಿಸಿದ ಸುದ್ದಿ ಕೇಳಿ ಅವಳು ಬೆಂಕಿಗೆ ಹೊರಟಾಗ ತಂದೆ ತಾಯಿ ಬೇಡ ಎಂದು ತಡೆದರು. ಅವಳನ್ನು ಹೊಗಳಲೆಂದೇ ಬರೆದ ಪದ್ಯಗಳು ಆ ತಡೆದ ಮಾತನ್ನೂ ಉಳಿಸಿಕೊಂಡಿವೆ. ಹೊಗಳಿಕೆಗಿಂತ ನನಗೆ ಆ ತಡೆಯೇ ದೊಡ್ಡದು. ಆ ಕಾಲದಲ್ಲೂ ಇದು ಬೇಡ ಎಂದ ಹೆತ್ತವರಿದ್ದರು.

ಆವರಣ ಸುತ್ತಿ ಮುಗಿಸುವಾಗ ನನಗೆ ತಿಳಿದದ್ದು ಇಷ್ಟು. ಸಾವು ಯಾಕೆ ಬಂತು ಎಂಬುದಕ್ಕೆ ಈ ಹಾಡು, ಗೊಂಬೆ, ಕಲ್ಲುಗಳು ಉತ್ತರ ಕೊಡಲು ಹೋಗುವುದಿಲ್ಲ. ಹೇಗೆ ಬಂತು, ಯಾರ ಮುಂದೆ ಬಂತು, ಉಳಿದವರಿಗೆ ನಾವು ಏನು ಮಾಡಬೇಕು ಎಂಬುದನ್ನು ಬಿಡದೆ ಹೇಳುತ್ತವೆ. ಹಣೆಬರಹ ಎಂದು ಕೈಚೆಲ್ಲಿ ಕೂತಿದ್ದರೆ ನೆತ್ತರುಕೊಡಗೆ ಎಂಬ ಏರ್ಪಾಡೇ ಹುಟ್ಟುತ್ತಿರಲಿಲ್ಲ.

ಇಂಥ ಕಲ್ಲುಗಳು ಸಂಗ್ರಹಾಲಯದಲ್ಲಿ ಮಾತ್ರ ಇಲ್ಲ. ಮಾಗಡಿ, ಕನಕಪುರದ ಕಡೆ ಓಡಾಡುವಾಗ ಕೆರೆ ಏರಿ, ಹೊಲದ ಬದು, ಹಾಳು ಗುಡಿಯ ಸುತ್ತ ಕಣ್ಣಿಟ್ಟು ನೋಡಿ. ಸಿಕ್ಕರೆ ಸುಣ್ಣ, ಬಣ್ಣ ಬಳಿಯಲು ಬಿಡಬೇಡಿ, ಬಟ್ಟೆ ಒಗೆಯುವ ಕಲ್ಲಾಗಿಸಲು ಬಿಡಬೇಡಿ. ಅಕ್ಷರ ಕಂಡರೆ ಓದಬಲ್ಲವರನ್ನು ಕರೆತನ್ನಿ. ಯಾರು ಯಾರಿಗಾಗಿ ಸತ್ತರು, ಅವರ ಮಕ್ಕಳಿಗೆ ಊರು ಎಷ್ಟು ನೆಲ ಬಿಟ್ಟಿತು ಎಂಬುದು ಅಲ್ಲಿ ಬರೆದಿರಬಹುದು.