ಮೇವಿನ ಪಂಚಾಂಗ

ಮಂದೆಯನ್ನು ಹೊಸ ದಿಬ್ಬಕ್ಕೆ ಬಿಡುವ ಮುಂಚೆ ಅಪ್ಪ ಕುಕ್ಕರಗಾಲಲ್ಲಿ ಕೂತು, ಹುಲ್ಲಿನ ಬುಡವನ್ನು ಬೆರಳಲ್ಲಿ ಬಿಡಿಸಿ ನೋಡುತ್ತಿದ್ದ. "ಇನ್ನೂ ಬುಡ ಕಟ್ಟಿಲ್ಲ ಕಣ್ಲಾ, ನಡಿ ಮುಂದಕ್ಕೆ" ಅಂದನೆಂದರೆ ಮತ್ತೆರಡು ಮೈಲಿ ನಡಿಗೆ. ಕಡೂರು ಸೀಮೆಯ ಬಿಸಿಲಲ್ಲಿ ಆ ಮಾತು ಕೇಳಿದರೆ ನನಗೆ ಅಳು ಬರುತ್ತಿತ್ತು.

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸತೊಡಗಿದ ಮೇಲೆ ಅಪ್ಪ ನೋಡುತ್ತಿದ್ದುದು ಏನೆಂದು ತಿಳಿಯಿತು. ಹುಲ್ಲಿನ ಎಲೆ ಬೆಳೆಯುವುದು ಬುಡದಿಂದ. ಕುರಿ ತುದಿ ಕಚ್ಚಿದರೂ ಅದು ಚಿಗುರುತ್ತದೆ, ಬೇರಿನ ಬಳಿ ಕೂಡಿಟ್ಟ ಕಸುವನ್ನು ಖರ್ಚು ಮಾಡಿ. ಆ ಗಂಟು ಮತ್ತೆ ತುಂಬುವ ಮೊದಲೇ ಇನ್ನೊಂದು ಬಾಯಿ ಬಿದ್ದರೆ ಬೇರು ಕುಗ್ಗುತ್ತದೆ. ವರ್ಷವಿಡೀ ನೆಲ ಹಿಡಿದಿರುವ ಹುಲ್ಲು ಹೋಗಿ, ಮಳೆಗೆ ಹುಟ್ಟಿ ಮಳೆಗೇ ಮುಗಿಯುವ ಹುಲ್ಲು ಬರುತ್ತದೆ.

ನಮ್ಮ ಬಾಸೂರು ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲು ಇದೇ ತಿಳಿವಳಿಕೆಯ ಮೇಲೆ ನಿಂತದ್ದು. ಒಡೆಯರ ಬೆಣ್ಣೆ ಚಾವಡಿಯ ದನಗಳಿಗೆ ಅಮೃತಮಹಲ್ ಎಂಬ ಹೆಸರಿಟ್ಟವನು ಟಿಪ್ಪು. ಮಳೆಗಾಲಕ್ಕೆ, ಚಳಿಗಾಲಕ್ಕೆ, ಬೇಸಿಗೆಗೆ ಬೇರೆ ಬೇರೆ ಕಾವಲುಗಳಿದ್ದವು. ನೀರು, ನೆರಳು ಎರಡೂ ಇದ್ದ ಬೇಸಿಗೆ ಕಾವಲಿಗೇ ಬೆಲೆ ಜಾಸ್ತಿ. ದನ ಕಾಯುವ ಸರ್ವೇಗಾರರು ಮಂದೆ ಹೊಡೆದುಕೊಂಡು ಒಂದರಿಂದ ಒಂದಕ್ಕೆ ಹೋದರೆ ಹಿಂದಿನ ನೆಲ ತಿಂಗಳುಗಟ್ಟಲೆ ಉಸಿರಾಡುತ್ತಿತ್ತು. ಸರದಿ ಮೇಯಿಸುವಿಕೆ ಎಂದು ಇಂದಿನ ವಿಜ್ಞಾನಿಗಳು ಹೇಳುವುದು ಇದನ್ನೇ.

ಇಂಥ ಬಯಲನ್ನು ಕಾಗದದಲ್ಲಿ 'ಪಾಳು' ಎಂದು ಬರೆಯುವುದನ್ನು ನನಗೆ ಸಹಿಸಲಾಗದು. ಪಾಳೆಂದ ಮೇಲೆ ಗುಂಡಿ ತೋಡಿ ಸಸಿ ನೆಡುತ್ತಾರೆ. ಈ ಹುಲ್ಲುಗಳಿಗೆ ಬೇಕಾದದ್ದು ಬಿಸಿಲು. ದೂರದಿಂದಲೇ ತೋಳವನ್ನು ಕಂಡು ಓಡಬೇಕಾದ ಕೃಷ್ಣಮೃಗಕ್ಕೆ ಬೇಕಾದದ್ದು ತೆರೆದ ಬಯಲು. ಬಾಸೂರಿನ ಸುಮಾರು 736 ಹೆಕ್ಟೇರ್ 2011ರಲ್ಲಿ ಸಂರಕ್ಷಣಾ ಮೀಸಲಾದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಹಾಗೆಂದು ಬೇಲಿ ಬಿಗಿದು ಸುಮ್ಮನಿದ್ದರೂ ಆಗದು. ನಮ್ಮ ಬೀಳು ಹೊಲದ ಒಂದು ತುಂಡಿಗೆ ಮಕ್ಕಳ ಜೊತೆ ಮುಳ್ಳುಬೇಲಿ ಹಾಕಿದ್ದೆ. ಪಕ್ಕದ ತುಂಡಿನಲ್ಲಿ ಕುರಿ ಮೇಯುತ್ತವೆ. ಮೀಟರು ಚೌಕದ ಮರದ ಚೌಕಟ್ಟು ಇಟ್ಟು ಎರಡರಲ್ಲೂ ಹುಲ್ಲಿನ ಜಾತಿ ಎಣಿಸುತ್ತೇವೆ. ಬೇಲಿಯೊಳಗೆ ಎರಡನೇ ವರ್ಷಕ್ಕೇ ಒಣಕಡ್ಡಿ ದಟ್ಟವಾಗಿ, ಕೆಳಗಿನ ಸಣ್ಣ ಗಿಡಗಳು ಬೆಳಕಿಲ್ಲದೆ ಬಿಳಿಚಿಕೊಂಡಿದ್ದವು.

ಮೊನ್ನೆ ಅಪ್ಪ ಕೋಲೂರಿಕೊಂಡು ಬಂದ. ಮೇಯುವ ತುಂಡಿನಲ್ಲಿಟ್ಟಿದ್ದ ಚೌಕಟ್ಟನ್ನು ಪಕ್ಕಕ್ಕೆ ಸರಿಸಿ ಬುಡ ಬಿಡಿಸಿ ನೋಡಿದ. "ಇನ್ನು ಹದಿನೈದು ದಿನ ಬಿಡ್ರಪ್ಪ" ಅಂದ. ನಮ್ಮ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಕೇಲು ಹಿಡಿದು ಇನ್ನೊಂದು ಗೆರೆ ಎಳೆದಳು.