ಟೈಟೇನಿಯಂ ಲೋಹದ ದರ್ಜೆಗಳು: ಆಯ್ಕೆಯೂ ಕ್ರಯವೂ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ಮಾರ್ಗದಲ್ಲಿ ಗಾಜನೂರೆಂಬ ಗ್ರಾಮವುಂಟು. ಇಲ್ಲಿ ತುಂಗಾನದಿಗೆ ಅಣೆಕಟ್ಟನ್ನು ಕಟ್ಟಿ ನೀರನ್ನು ನಾಲೆಗಳಿಗೆ ತಿರುಗಿಸಿದ್ದಾರೆ. ಸ್ನಾನಕ್ಕೆ ಗಂಗೆ, ಪಾನಕ್ಕೆ ತುಂಗೆ ಎಂಬ ಮಾತು ನಾಡಿನಲ್ಲೆಲ್ಲ ಪ್ರಸಿದ್ಧವಾದುದಷ್ಟೆ. ಕುಡಿಯುವವರಿಗೆ ಹಿತವಾದ ಈ ನೀರು ಲೋಹಗಳಿಗೂ ಸೌಮ್ಯವಾದುದೇ. ಇಂಥ ಸಿಹಿನೀರಿನಲ್ಲಿ ಬಣ್ಣ ಬಳಿದ ಉಕ್ಕಿನ ತೂಬುಬಾಗಿಲುಗಳೂ ಎರಕದ ಕಬ್ಬಿಣದ ಪಂಪುಗಳೂ ಸಾಮಾನ್ಯವಾದ ಪಾಲನೆಯಿಂದಲೇ ದಶಕಗಳ ಕಾಲ ಬಾಳುತ್ತವೆ. ಅದೇ ಪಂಪನ್ನು ಘಟ್ಟದ ಕೆಳಗೆ ಪಣಂಬೂರಿನ ತೀರಕ್ಕೆ ಒಯ್ದು ಕಡಲ ನೀರನ್ನೆತ್ತಲು ಹಚ್ಚಿದರೆ ಕಥೆಯೇ ಬೇರೆಯಾಗುತ್ತದೆ. ನೂರಕ್ಕೆ ಸುಮಾರು ಮೂರೂವರೆ ಪಾಲು ಉಪ್ಪುಳ್ಳ ಆ ನೀರು ಕಬ್ಬಿಣವನ್ನು ಬೇಗನೆ ತಿನ್ನುವುದಲ್ಲದೆ, ತುಕ್ಕು ಹಿಡಿಯದೆಂದು ಹೆಸರಾದ ಸ್ಟೇನ್‌ಲೆಸ್ ಉಕ್ಕಿನಲ್ಲಿಯೂ ಸೂಜಿಮೊನೆಯಷ್ಟು ರಂಧ್ರಗಳನ್ನು ಕೊರೆಯುತ್ತದೆ. ಅಲ್ಲಿ ಟೈಟೇನಿಯಂ ಲೋಹದ ಬೆಲೆ ನ್ಯಾಯವಾದುದು; ಗಾಜನೂರಿನಲ್ಲಾದರೋ ಅದು ಕೇವಲ ಆಡಂಬರ. ಒಂದು ಲೋಹವು ಶ್ರೇಷ್ಠವೇ ಎಂದು ಕೇಳುವುದಕ್ಕಿಂತ, ಅದನ್ನು ಮುಟ್ಟುವ ದ್ರವವಾವುದು, ಅದರ ಉಷ್ಣತೆಯೆಷ್ಟು ಎಂದು ಮೊದಲು ಕೇಳತಕ್ಕದ್ದು. ಈ ಪ್ರಶ್ನೆಯನ್ನು ಬಿಟ್ಟು ದರ್ಜೆಯ ಅಂಕಿಯನ್ನೇ ನೋಡಿ ಕೊಂಡವರು ಹಣವನ್ನು ಕಳೆದುಕೊಳ್ಳುವುದುಂಟು. ಮುಂದೆ ಹೇಳುವ ಒಂದು ಸಂದರ್ಭದಲ್ಲಿ ಪ್ರಾಣಕ್ಕೂ ಅಪಾಯವುಂಟು.

ಟೈಟೇನಿಯಂ ಈ ಸೀಮೆಗೆ ಅಪರಿಚಿತವಾದ ಧಾತುವಲ್ಲ. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ, ತಾವರೆಕೆರೆ, ಮಸಣಿಕೆರೆಗಳ ಸುತ್ತಿನಲ್ಲಿ ದೊರೆಯುವ ಅಯಸ್ಕಾಂತ ಜಾತಿಯ ಕಬ್ಬಿಣದ ಅದಿರಿನಲ್ಲಿ ಟೈಟೇನಿಯಂ, ವೆನೇಡಿಯಂಗಳೆರಡೂ ಬೆರೆತಿವೆ. ಆದರೆ ಕಬ್ಬಿಣವನ್ನು ಕರಗಿಸುವವನಿಗೆ ಇದು ವರವಾಗಿರದೆ ತೊಡಕಾಗಿಯೇ ತೋರುತ್ತದೆ. ಊದುಕುಲುಮೆಯಲ್ಲಿ ಟೈಟೇನಿಯಂ ಹೆಚ್ಚಾದರೆ ಕಿಟ್ಟವು ಅಂಟಾಗಿ, ಸರಾಗವಾಗಿ ಹರಿಯದೆ, ಕುಲುಮೆಯ ತಳದಲ್ಲಿ ಗಟ್ಟಿಯಾಗಿ ಕೂಡುತ್ತದೆ. 1918ರಲ್ಲಿ ಸ್ಥಾಪಿತವಾಗಿ 1923ರಲ್ಲಿ ಇದ್ದಲಿನಿಂದ ಬೀಡುಕಬ್ಬಿಣವನ್ನು ತೆಗೆಯಲಾರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಬಂದುದು ಈ ಗುಡ್ಡಗಳಿಂದಲ್ಲ, ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದ ಈ ಕಾರ್ಖಾನೆಯ ಸುತ್ತ, ಭದ್ರಾವತಿ ಶಿವಮೊಗ್ಗೆಗಳ ನಡುವೆ, ಎರಕದಲ್ಲಿಯೂ ಕಡೆತದಲ್ಲಿಯೂ ನುರಿತ ಕುಶಲಿಗಳ ಒಂದು ಸಮುದಾಯವೇ ಬೆಳೆದಿದೆ. ಇಂಥವರಿಗೆ ಟೈಟೇನಿಯಂ ಕೆಲಸವು ಎದುರಾದಾಗ ಉಕ್ಕಿನ ವಾಡಿಕೆಯನ್ನೇ ಅದಕ್ಕೂ ಹಚ್ಚುವ ಪ್ರಲೋಭನ ಸಹಜವಾದುದು. ಆದುದರಿಂದಲೇ ಇಲ್ಲಿ ಕೊಂಚ ವಿಸ್ತಾರವು ಅವಶ್ಯಕ.

ಕಾಲಡಿಯ ಮಣ್ಣಿನಲ್ಲಿರುವ ಧಾತು ಇಷ್ಟು ದುಬಾರಿಯಾಗುವುದೇಕೆ? ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ 1791ರಲ್ಲಿ ವಿಲಿಯಂ ಗ್ರೆಗರನು ಕಂಡ ಈ ಧಾತುವಿಗೆ 1795ರಲ್ಲಿ ಕ್ಲಾಪ್ರೋತನು ಹೆಸರಿಟ್ಟನು. ಸಾಕಷ್ಟು ಶುದ್ಧವಾದ ಲೋಹವನ್ನು ಹಂಟರನು ಪಡೆದುದು 1910ರಲ್ಲಿ. ಉದ್ಯಮಕ್ಕೆ ಒದಗುವ ಮಾರ್ಗವನ್ನು ತೋರಿದವನು ಲಕ್ಸೆಂಬರ್ಗಿನ ಕ್ರೋಲ್. ಇಷ್ಟು ಕಾಲ ಹಿಡಿದುದಕ್ಕೆ ಕಾರಣವು ಆಮ್ಲಜನಕದ ಮೇಲೆ ಈ ಲೋಹಕ್ಕಿರುವ ಅತಿಯಾದ ಮೋಹ. ಕಬ್ಬಿಣದ ಅದಿರಿನಿಂದ ಇದ್ದಲು ಆಮ್ಲಜನಕವನ್ನು ಕಿತ್ತುಕೊಳ್ಳುವಂತೆ ಇದರಿಂದ ಕಿತ್ತುಕೊಂಡು ಶುದ್ಧ ಲೋಹವನ್ನು ಉಳಿಸಲಾಗದು. ಆದಕಾರಣ ಖನಿಜವನ್ನು ಕೋಕಿನೊಡನೆ ಕಾಯಿಸಿ ಕ್ಲೋರಿನ್ ಅನಿಲವನ್ನು ಹಾಯಿಸಿ ಟೈಟೇನಿಯಂ ಕ್ಲೋರೈಡನ್ನು ಆವಿಯಾಗಿ ಪಡೆಯುತ್ತಾರೆ. ತಣಿಸಿದಾಗ ಅದು ದ್ರವವಾಗುತ್ತದೆ. ಅದನ್ನು ಶುದ್ಧಿಮಾಡಿ, ಗಾಳಿಯ ಸೋಂಕಿಲ್ಲದ ಪಾತ್ರೆಯಲ್ಲಿ ಕರಗಿದ ಮೆಗ್ನೀಸಿಯಂನೊಡನೆ ಕೂಡಿಸಿದಾಗ ರಂಧ್ರಮಯವಾದ ಲೋಹದ ಹೆಂಟೆಯುಂಟಾಗುತ್ತದೆ. ಇದಕ್ಕೆ ಸ್ಪಾಂಜ್ ಎಂದು ಹೆಸರು. ಸ್ಪಾಂಜನ್ನು ನಿರ್ವಾತದಲ್ಲಿ ವಿದ್ಯುಚ್ಚಾಪದಿಂದ ಒಮ್ಮೆಯಲ್ಲದೆ ಎರಡು ಬಾರಿ ಕರಗಿಸಿದ ಮೇಲೆಯೇ ಗಟ್ಟಿಯು ಸಿದ್ಧವಾಗುವುದು. ಭಾರತದಲ್ಲಿ ಕೇರಳದ ಚವರ ಕಡಲತೀರದ ಮರಳಿನಿಂದ, ಹೈದರಾಬಾದಿನ ರಕ್ಷಣಾ ಲೋಹವಿಜ್ಞಾನ ಪ್ರಯೋಗಾಲಯದ ವಿಧಾನದಂತೆ, ವರ್ಷಕ್ಕೆ 500 ಟನ್ ಸ್ಪಾಂಜನ್ನು ತಯಾರಿಸಬಲ್ಲ ಕಾರ್ಖಾನೆಯು 2011ರಲ್ಲಿ ಚವರದಲ್ಲಿಯೇ ಪ್ರಾರಂಭವಾಯಿತು. ಭದ್ರಾವತಿಯಂಥ ಉಕ್ಕಿನ ಕಾರ್ಖಾನೆಗಳ ಅಳತೆಯಿಂದ ನೋಡಿದರೆ ಇದು ಬೊಗಸೆಯಷ್ಟು.

ಇನ್ನು ದರ್ಜೆಗಳ ವಿಷಯ. ದರ್ಜೆ ಎಂಬ ಮಾತೇ ಇಲ್ಲಿ ದಾರಿತಪ್ಪಿಸುವಂಥದು. ರೈಲುಗಾಡಿಯ ಒಂದನೆಯ ದರ್ಜೆ ಎರಡನೆಯದಕ್ಕಿಂತ ಮೇಲೆಂದು ತಿಳಿದವರು ಟೈಟೇನಿಯಂನಲ್ಲಿಯೂ ಹಾಗೆಂದು ಭಾವಿಸುವರು. ಅಂಕಿ ದೊಡ್ಡದಾದಷ್ಟೂ ಲೋಹವು ಮೇಲಾದುದೆಂದು ತಿಳಿಯುವವರೂ ಇದ್ದಾರೆ. ಎರಡೂ ತಪ್ಪು. ಎ.ಎಸ್.ಟಿ.ಎಂ. ಎಂಬ ಅಮೆರಿಕದ ಸಂಸ್ಥೆಯ ಪಟ್ಟಿಯಲ್ಲಿ ಈ ಅಂಕಿಗಳು ಬರಿಯ ಗುರುತುಗಳು. ಒಂದರಿಂದ ನಾಲ್ಕರವರೆಗಿನ ದರ್ಜೆಗಳು ಮಿಶ್ರಲೋಹಗಳೇ ಅಲ್ಲ. ಅವುಗಳೊಳಗಿನ ಮುಖ್ಯ ಭೇದವು ಉಳಿದುಕೊಂಡ ಆಮ್ಲಜನಕದ ಪ್ರಮಾಣ. ಒಂದನೆಯದರಲ್ಲಿ ನೂರಕ್ಕೆ 0.18, ಎರಡನೆಯದರಲ್ಲಿ 0.25, ಮೂರನೆಯದರಲ್ಲಿ 0.35, ನಾಲ್ಕನೆಯದರಲ್ಲಿ 0.40ರವರೆಗೆ ಆಮ್ಲಜನಕಕ್ಕೆ ಅವಕಾಶವುಂಟು. ಅಡುಗೆಯಲ್ಲಿ ಉಪ್ಪಿನಂತೆ ಈ ಚಿಟಿಕೆಯೇ ಎಲ್ಲವನ್ನೂ ನಿರ್ಣಯಿಸುತ್ತದೆ. ಒಂದನೆಯ ದರ್ಜೆಯ ಎಳೆತದ ಬಲವು ಕನಿಷ್ಠ 240 ಮೆಗಾಪಾಸ್ಕಲ್, ಎರಡನೆಯದರದು 345, ನಾಲ್ಕನೆಯದರದು 550. ಬಲವು ಏರಿದಂತೆ ಬಾಗುವ ಗುಣವು ಇಳಿಯುತ್ತದೆ. ಆಳವಾಗಿ ಅಚ್ಚೊತ್ತಬೇಕಾದ ತೆಳುಹಾಳೆಗೆ ಒಂದನೆಯ ದರ್ಜೆ. ತೊಟ್ಟಿ, ಕೊಳವೆ, ಶಾಖವಿನಿಮಯದ ಯಂತ್ರ ಮೊದಲಾದ ಬಹುತರ ಕೆಲಸಗಳಿಗೆ ಎರಡನೆಯ ದರ್ಜೆ. ಉದ್ಯಮದಲ್ಲಿ ಯಾವ ವಿಶೇಷಣವೂ ಇಲ್ಲದೆ ಟೈಟೇನಿಯಂ ಎಂದರೆ ಪ್ರಾಯಶಃ ಈ ಎರಡನೆಯ ದರ್ಜೆಯೇ.

ಐದನೆಯದು ನೂರಕ್ಕೆ ಆರು ಪಾಲು ಅಲ್ಯುಮಿನಿಯಂ, ನಾಲ್ಕು ಪಾಲು ವೆನೇಡಿಯಂ ಸೇರಿದ ಮಿಶ್ರಲೋಹ. ಅದರ ಬಲವು ಕನಿಷ್ಠ 895 ಮೆಗಾಪಾಸ್ಕಲ್. ವಿಮಾನಗಳ ಭಾಗಗಳಲ್ಲಿ ಇದರ ಬಳಕೆ ವಿಶೇಷ. ಇದರಲ್ಲಿಯೇ ಆಮ್ಲಜನಕವನ್ನು ಇನ್ನೂ ತಗ್ಗಿಸಿದ ಇಪ್ಪತ್ತಮೂರನೆಯ ದರ್ಜೆಯನ್ನು ಮೂಳೆಯೊಳಗೆ ಕೂಡಿಸುವ ಕೀಲುಗಳಿಗೆ ಉಪಯೋಗಿಸುತ್ತಾರೆ. ಇದರ ಕೀರ್ತಿಗೆ ಮರುಳಾಗಿ ರಾಸಾಯನಿಕ ತೊಟ್ಟಿಗೂ ಇದನ್ನೇ ಬೇಡುವುದು ಅವಿವೇಕ. ತುಕ್ಕನ್ನು ತಡೆಯುವುದರಲ್ಲಿ ಇದು ಎರಡನೆಯದಕ್ಕಿಂತ ಮಿಗಿಲಲ್ಲ, ಬೆಲೆ ಹೆಚ್ಚು, ತಣ್ಣಗಿರುವಾಗ ಬಾಗಿಸಹೋದರೆ ಬಿರಿಯುತ್ತದೆ. ಬಲವು ಬೇಕಾದಲ್ಲಿ, ಅಂದರೆ ತಿರುಗುವ ದಂಡ, ಬೋಲ್ಟು, ಕವಾಟದ ಕಂಬಿಗಳಲ್ಲಿ, ಮಾತ್ರ ಇದಕ್ಕೆ ಸ್ಥಾನ.

ಹಾಗಾದರೆ ಎರಡನೆಯದು ಸಾಲದೆ ಬರುವುದೆಲ್ಲಿ? ಟೈಟೇನಿಯಂನ ರಕ್ಷಣೆಯೆಲ್ಲವೂ ಅದರ ಮೈಮೇಲೆ ತಾನಾಗಿ ಹುಟ್ಟುವ ಆಕ್ಸೈಡಿನ ಕಣ್ಣಿಗೆ ಕಾಣದ ಪೊರೆಯಲ್ಲಿದೆ. ಗೀರಿದರೂ ನೀರಿನ ಅಥವಾ ಗಾಳಿಯ ಆಮ್ಲಜನಕದಿಂದ ಪೊರೆಯು ಮರುಕ್ಷಣವೇ ಕೂಡಿಕೊಳ್ಳುತ್ತದೆ. ಆಮ್ಲಜನಕವು ಸುಳಿಯಲಾರದ ಎಡೆಯಲ್ಲಿ, ಅಂದರೆ ಬಿಲ್ಲೆಯ ಕೆಳಗೋ ಎರಡು ತಗಡುಗಳ ಸಂದಿನಲ್ಲೋ, ಬಿಸಿಯಾದ ಉಪ್ಪುನೀರು ನಿಂತರೆ ಎರಡನೆಯ ದರ್ಜೆಯು ಸುಮಾರು 75 ಡಿಗ್ರಿ ಸೆಂಟಿಗ್ರೇಡಿನ ಮೇಲೆ ಸಂದೇಹಕ್ಕೆಡೆಯಾಗುತ್ತದೆ. ಹೈಡ್ರೋಕ್ಲೋರಿಕ್, ಗಂಧಕಾಮ್ಲಗಳು ಬಿಸಿಯಾಗಿದ್ದರೂ ಪೊರೆಯು ನಿಲ್ಲದು. ಇಂಥಲ್ಲಿ ಏಳನೆಯ ದರ್ಜೆಯುಂಟು: ಎರಡನೆಯದಕ್ಕೆ ನೂರಕ್ಕೆ 0.12ರಿಂದ 0.25ರಷ್ಟು ಪೆಲೇಡಿಯಂ ಬೆರೆಸಿದುದೇ ಇದು. ಪೆಲೇಡಿಯಂ ಬಂಗಾರದ ಜಾತಿಯ ಲೋಹವಾದುದರಿಂದ ಬೆಲೆಯು ಹೇಳತೀರದು. ಅದರ ಮೂರನೆಯ ಒಂದು ಪಾಲಿನಿಂದಲೇ ನಿರ್ವಹಿಸುವ ಹದಿನಾರನೆಯ ದರ್ಜೆಯೂ, ಪೆಲೇಡಿಯಂಗೆ ಬದಲಾಗಿ ಅಲ್ಪ ನಿಕಲ್, ಮಾಲಿಬ್ಡಿನಂಗಳುಳ್ಳ ಹನ್ನೆರಡನೆಯ ದರ್ಜೆಯೂ ಮಿತವ್ಯಯದ ಮಾರ್ಗಗಳು. ಬಿಸಿ ಉಪ್ಪುನೀರಿನ ಸಂದುಗಳಿಗೆ ಹನ್ನೆರಡನೆಯದು ಬಹುವೇಳೆ ಸಾಕಾಗುತ್ತದೆ. ಹೈಡ್ರೋಫ್ಲೂರಿಕ್ ಆಮ್ಲಕ್ಕೆ ಮಾತ್ರ ಯಾವ ದರ್ಜೆಯೂ ನಿಲ್ಲದು. ಸ್ಟೇನ್‌ಲೆಸ್ ಉಕ್ಕನ್ನು ತೊಳೆಯುವ ದ್ರಾವಣಗಳಲ್ಲಿ ಈ ಆಮ್ಲವಿರುವುದುಂಟೆಂಬುದನ್ನು ಕಾರ್ಖಾನೆಯವರು ಮರೆಯಬಾರದು.

ಕ್ಲೋರಿನ್ ಅನಿಲದ ವಿಷಯವು ಎಲ್ಲಕ್ಕಿಂತ ಗಂಭೀರವಾದುದು. ಭದ್ರಾವತಿಯಲ್ಲಿ ಉಕ್ಕಿನ ಜೊತೆಗೆ ಕಾಗದವೂ ಬಹುಕಾಲ ತಯಾರಾಗುತ್ತಿತ್ತು. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯ ಹೆಸರನ್ನು ಕೇಳದವರಿಲ್ಲ. ಕಾಗದದ ತಿರುಳನ್ನು ಬಿಳುಪು ಮಾಡಲು ಕ್ಲೋರಿನ್ನನ್ನೂ ಅದರ ಸಂಯುಕ್ತಗಳನ್ನೂ ಬಳಸುವುದು ಈ ಉದ್ಯಮದ ವಾಡಿಕೆ. ತೇವವುಳ್ಳ ಕ್ಲೋರಿನ್ ಸ್ಟೇನ್‌ಲೆಸ್ ಉಕ್ಕನ್ನು ತಿಂದುಹಾಕುತ್ತದೆ. ಟೈಟೇನಿಯಂ ಅದನ್ನು ಲೆಕ್ಕಿಸದು. ಇಷ್ಟನ್ನು ಓದಿದವನು ಕ್ಲೋರಿನ್ನಿಗೆ ಟೈಟೇನಿಯಮ್ಮೇ ಸರಿಯೆಂದು ನಿಶ್ಚಯಿಸಿ, ಸಿಲಿಂಡರಿನಿಂದ ಬರುವ ಒಣ ಕ್ಲೋರಿನ್ನಿನ ಕೊಳವೆಯನ್ನೂ ಅದರಿಂದಲೇ ಮಾಡಿಸಿದನೆನ್ನಬಹುದು. ಆಗ ಲೋಹಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ. ಅನಿಲದಲ್ಲಿ ನೂರಕ್ಕೆ ಸುಮಾರು ಒಂದು ಪಾಲಾದರೂ ನೀರಿಲ್ಲದಿದ್ದರೆ ಪೊರೆಯು ಮರಳಿ ಕಟ್ಟಲಾರದು. ಬಿಸಿಯಾದಾಗ ಇನ್ನೂ ಹೆಚ್ಚು ನೀರು ಬೇಕು. ಬರಿಯ ಲೋಹವು ಒಣ ಕ್ಲೋರಿನ್ನಿನೊಡನೆ ಕೂಡಿ ಉರಿದು ಕ್ಲೋರೈಡಾಗಿಬಿಡುತ್ತದೆ. ಮೇಲೆ ಹೇಳಿದ ಲೋಹೋತ್ಪಾದನೆಯ ಮೊದಲ ಹೆಜ್ಜೆಗೆ ಆಧಾರವಾದ ಒಲವೇ ಇಲ್ಲಿ ಬೇಡದ ಸ್ಥಳದಲ್ಲಿ ನಡೆಯುತ್ತದೆಂದು ತಿಳಿಯತಕ್ಕದ್ದು. ಪೆಲೇಡಿಯಂ ಸೇರಿಸಿದರೂ ಇದು ತಪ್ಪದು. ಆಶ್ಚರ್ಯವೆಂದರೆ, ತೇವದ ಕ್ಲೋರಿನ್ನಿಗೆ ಸೋಲುವ ಸಾಧಾರಣ ಉಕ್ಕು ತಣ್ಣಗಿರುವ ಒಣ ಕ್ಲೋರಿನ್ನನ್ನು ನಿರಾತಂಕವಾಗಿ ತಾಳುತ್ತದೆ. ಒಂದೇ ಅನಿಲ, ಒಂದೇ ಕಾರ್ಖಾನೆ. ನೀರಿನ ಒಂದು ಪಾಲಿನ ಮೇಲೆ ಅಗ್ಗದ ಲೋಹವು ಯೋಗ್ಯವಾಗುತ್ತದೆ, ದುಬಾರಿಯಾದುದು ಮಾರಕವಾಗುತ್ತದೆ. ದ್ರವದ ಹೆಸರನ್ನಷ್ಟೇ ಬರೆದು ಅದರ ತೇವ, ಉಷ್ಣತೆಗಳನ್ನು ಬರೆಯದ ಬೇಡಿಕೆಯ ಪತ್ರವು ಅಪೂರ್ಣವೆನ್ನುವುದು ಇದಕ್ಕಾಗಿಯೇ.

ಬೆಲೆಯನ್ನು ತೂಕದಿಂದ ಹೋಲಿಸುವ ಪದ್ಧತಿಯೂ ತಿದ್ದುಪಡಿಗೆ ಅರ್ಹವಾದುದು. ಒಂದು ಮಿಲಿಮೀಟರು ದಪ್ಪದ ಒಂದು ಚದರ ಮೀಟರು ಟೈಟೇನಿಯಂ ಹಾಳೆಯು ನಾಲ್ಕೂವರೆ ಕಿಲೋಗ್ರಾಂ ತೂಗುತ್ತದೆ. ಅಷ್ಟೇ ಸ್ಟೇನ್‌ಲೆಸ್ ಹಾಳೆಯು ಎಂಟರ ಹತ್ತಿರ. ಕೊಳ್ಳುವವನಿಗೆ ಬೇಕಾದುದು ಹಾಳೆಯ ವಿಸ್ತಾರವೇ ಹೊರತು ತೂಕವಲ್ಲ. ಕಿಲೋಗ್ರಾಮಿಗೆ ಐದರಷ್ಟೆಂದು ಕಂಡ ಬೆಲೆಯು ವಿಸ್ತಾರದಿಂದ ಎಣಿಸಿದಾಗ ಮೂರರ ಒಳಗೇ ನಿಲ್ಲುತ್ತದೆ. ತುಕ್ಕಿಗೆಂದು ಹೆಚ್ಚು ದಪ್ಪವನ್ನಿಡುವ ಅವಶ್ಯಕತೆಯೂ ಇಲ್ಲದಿರುವುದರಿಂದ, ಕಡಲ ನೀರಿನಿಂದ ಉಗಿಯನ್ನು ತಣಿಸುವ ಕೊಳವೆಗಳನ್ನು ಅರ್ಧ ಮಿಲಿಮೀಟರಿನಷ್ಟು ತೆಳುವಾಗಿಯೂ ಮಾಡುತ್ತಾರೆ. ಆದರೆ ಈ ಲೋಹದ ಬಿಗುಪು ಉಕ್ಕಿನ ಅರ್ಧದಷ್ಟೇ ಆದಕಾರಣ ತೆಳು ಕೊಳವೆಗಳು ಅದುರುತ್ತವೆ. ಆಸರೆಯ ಫಲಕಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕು. ಹಳೆಯ ಹಿತ್ತಾಳೆಯ ಫಲಕದಲ್ಲಿ ಹೊಸ ಟೈಟೇನಿಯಂ ಕೊಳವೆಗಳನ್ನು ಕೂಡಿಸಿದರೆ ಉಪ್ಪುನೀರಿನಲ್ಲಿ ಸವೆಯುವುದು ಫಲಕ.

ಕೆಲಸಗಾರರ ವಿಷಯದಲ್ಲಿ ಎರಡು ಮಾತು ಸಾಕು. ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶದ ಸಾಮಾನ್ಯ ಎರಕದ ಮನೆಯಲ್ಲಿ ಟೈಟೇನಿಯಂ ಹೊಯ್ಯಲಾಗದು. ಕರಗಿದ ಲೋಹವು ಗಾಳಿಯನ್ನೂ ಮೂಸೆಯನ್ನೂ ನುಂಗುತ್ತದೆ. ಬೆಸುಗೆಯಾದರೋ ಸಾಧ್ಯ, ಆದರೆ ಬೆಸುಗೆಯ ಮುಂದೆಯೂ ಹಿಂದೆಯೂ, ಲೋಹವು ತಣಿಯುವವರೆಗೆ ಆರ್ಗಾನ್ ಅನಿಲದ ಮರೆಯಿರಬೇಕು. ಬೆಸುಗೆಯ ಬಣ್ಣವೇ ಇಲ್ಲಿ ಸಾಕ್ಷಿ: ಬೆಳ್ಳಿಯಂತೆ ಹೊಳೆದರೆ ಉತ್ತಮ, ಹುಲ್ಲಿನ ಹಳದಿಯಾದರೆ ಸಹ್ಯ, ನೀಲಿಯಾದರೆ ಸಂದೇಹ, ಬೂದಿಯಂತೆ ಬೆಳ್ಳಗಾದರೆ ಕಡಿದು ತೆಗೆಯತಕ್ಕದ್ದು. ಉಕ್ಕನ್ನುಜ್ಜಿದ ಕುಂಚವನ್ನು ಇದಕ್ಕೆ ಮುಟ್ಟಿಸಬಾರದು.

ಕೊಳ್ಳುವಾಗ ದರ್ಜೆಯೊಡನೆ ರೂಪದ ನಿಯಮವನ್ನೂ ಹೇಳಬೇಕು. ಎ.ಎಸ್.ಟಿ.ಎಂ. ಪಟ್ಟಿಯಲ್ಲಿ ಹಾಳೆ, ಫಲಕಗಳಿಗೆ ಬಿ 265, ಸರಳುಗಳಿಗೆ ಬಿ 348, ಶಾಖವಿನಿಮಯದ ಕೊಳವೆಗಳಿಗೆ ಬಿ 338 ಎಂಬ ಸಂಖ್ಯೆಗಳಿವೆ. ಮಾಲಿನೊಡನೆ ಕರಗಿಸಿದವರ ಪರೀಕ್ಷಾಪತ್ರವು ಬರಬೇಕು; ಪತ್ರದಲ್ಲಿರುವ ಕರಗುಸಂಖ್ಯೆಯು ಲೋಹದ ಮೇಲೂ ಇರಬೇಕು. ಟೈಟೇನಿಯಮ್ಮೋ ಉಕ್ಕೋ ಎಂಬ ಸಂದೇಹವನ್ನು ತಕ್ಕಡಿಯೂ ನೀರಿನ ಬಕೀಟೂ ಕಳೆಯಬಲ್ಲವು. ನೀರಿನ ನಾಲ್ಕೂವರೆಯಷ್ಟು ತೂಗುವುದಕ್ಕೂ ಎಂಟರ ಹತ್ತಿರ ತೂಗುವುದಕ್ಕೂ ಇರುವ ಭೇದವು ಬಚ್ಚಿಡಲಾಗದು. ಕೈಯಲ್ಲಿ ಹಿಡಿಯುವ ಕ್ಷಕಿರಣದ ಉಪಕರಣವು ಐದನೆಯದನ್ನೂ ಏಳನೆಯದನ್ನೂ ಗುರುತಿಸಬಲ್ಲದು. ಆದರೆ ಅದಕ್ಕೆ ಆಮ್ಲಜನಕವು ಕಾಣದು. ಆದಕಾರಣ ಒಂದರಿಂದ ನಾಲ್ಕರವರೆಗಿನ ದರ್ಜೆಗಳನ್ನು ಅದು ಬೇರ್ಪಡಿಸಲಾರದು. ಈ ಮಿತಿಯನ್ನು ತಿಳಿಯದೆ ಉಪಕರಣದ ಮಾತನ್ನೇ ನಂಬಿ ನಾಲ್ಕನೆಯದನ್ನು ಒಂದನೆಯದೆಂದು ಸ್ವೀಕರಿಸಿದರೆ, ಹಾಳೆಯು ಅಚ್ಚಿನಲ್ಲಿ ಸೀಳಿದಾಗಲೇ ನಿಜವು ತಿಳಿಯುವುದು. ಇದಕ್ಕೆ ಪರೀಕ್ಷಾಲಯದಲ್ಲಿ ಚೂರನ್ನು ಕರಗಿಸಿ ಆಮ್ಲಜನಕವನ್ನು ಅಳೆಯಿಸಬೇಕು, ಇಲ್ಲವೆ ಎಳೆದು ನೋಡಿಸಬೇಕು. ಪೂರ್ತಿ ಹಾಳೆಯಿಂದ ಒಂದು ಭಾಗವನ್ನು ಕತ್ತರಿಸುವ ಮುಂಚೆ ಕರಗುಸಂಖ್ಯೆಯನ್ನು ಉಳಿಯುವ ತುಂಡಿನ ಮೇಲೂ ಬರೆದಿಡತಕ್ಕದ್ದು. ಸಂಖ್ಯೆಯಿಲ್ಲದೆ ಉಗ್ರಾಣದ ಮೂಲೆ ಸೇರಿದ ತುಂಡನ್ನು ಒತ್ತಡದ ಪಾತ್ರೆಗೆ ಮತ್ತೆ ಉಪಯೋಗಿಸಬಾರದು.