ಬಲ, ಒತ್ತಡ, ಶಕ್ತಿ: ಒಂದು ಚೀಲದ ಲೆಕ್ಕ

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಭೌತವಿಜ್ಞಾನದ ಮಾತೆತ್ತಿದರೆ ವಾಚಕರು ಹುಬ್ಬೇರಿಸುವುದು ಸಹಜವೇ. ಆದರೆ ಬಲ, ಒತ್ತಡ, ಶಕ್ತಿ ಎಂಬ ಮೂರು ಮಾತುಗಳನ್ನು ನಾವೆಲ್ಲರೂ ದಿನವೂ ಆಡುತ್ತೇವೆ. ‘ಅವನು ಬಲಶಾಲಿ’ ಎಂದರೂ ‘ಅವನಲ್ಲಿ ಶಕ್ತಿಯಿದೆ’ ಎಂದರೂ ನಮಗೆ ಒಂದೇ. ಪರೀಕ್ಷೆ ಹತ್ತಿರ ಬಂದಾಗ ‘ಒತ್ತಡ’ವೂ ಇವುಗಳ ಜೊತೆ ಸೇರಿಕೊಳ್ಳುತ್ತದೆ. ಭೌತವಿಜ್ಞಾನದಲ್ಲಿ ಮಾತ್ರ ಈ ಮೂರೂ ಬೇರೆ ಬೇರೆ. ಇವನ್ನು ಒಂದೆಂದೇ ತಿಳಿದು ನಾನು ಬಹುಕಾಲ ವ್ಯಥೆಪಟ್ಟಿದ್ದೇನೆ. ಆ ಸಂಗತಿಯನ್ನೇ ಮೊದಲು ಹೇಳುತ್ತೇನೆ.

ನಮ್ಮ ತಂದೆ ಕೃಷಿ ಮಾರುಕಟ್ಟೆಯಲ್ಲಿ ಹಮಾಲಿ. ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಹೊರೆ ಹೊತ್ತು ಸುಮ್ಮನೆ ನಿಂತವನು ಆ ಹೊರೆಯ ಮೇಲೆ ಯಾವ ಕೆಲಸವನ್ನೂ ಮಾಡುವುದಿಲ್ಲವೆಂದು ಪಾಠದಲ್ಲಿ ಬಂತು. ಅಂದು ಸಂಜೆ ಮನೆಯಲ್ಲಿ ಅದನ್ನು ಹೇಳಿದೆ. ತಂದೆ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. “ಹಂಗಾದ್ರ ತಮ್ಮಾ, ಹಲಗಿ ಖಾಲಿ ಆಗೂತನಕ ಚೀಲ ಹೊತ್ತು ನಿಂತಿರ್ತೀನಲ್ಲ, ಅದಕ್ಕ ಕೂಲಿ ಇಲ್ಲೇನು?” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಪುಸ್ತಕ ಸುಳ್ಳೋ, ಅವರ ದಣಿವು ಸುಳ್ಳೋ ಎಂದು ತಿಳಿಯದೆ ಹೋಯಿತು.

ಆ ಚೀಲವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ 50 ಕಿಲೋಗ್ರಾಂ ತೊಗರಿ ಇದೆ. ಭೂಮಿ ಅದನ್ನು ಸುಮಾರು 490 ನ್ಯೂಟನ್ನಿನಷ್ಟು ಕೆಳಕ್ಕೆಳೆಯುತ್ತದೆ. ಚೀಲ ಬೀಳದಿರಬೇಕಾದರೆ ತಂದೆಯ ಮೈ ಅಷ್ಟೇ ಬಲದಿಂದ ಅದನ್ನು ಮೇಲಕ್ಕೆ ಒತ್ತಿ ಹಿಡಿಯಬೇಕು. ಈ ನೂಕು ಅಥವಾ ಸೆಳೆತವೇ ಬಲ. ಬಲವಿರಬೇಕಾದರೆ ಏನಾದರೂ ಚಲಿಸಲೇಬೇಕೆಂಬ ನಿಯಮವಿಲ್ಲ.

ಇನ್ನು ಒತ್ತಡ. ಬಲವು ಎಷ್ಟು ಜಾಗದ ಮೇಲೆ ಹರಡಿದೆ ಎಂಬುದು ಇಲ್ಲಿಯ ಪ್ರಶ್ನೆ. ಚೀಲವನ್ನು ಮಲಗಿಸಿದಾಗ ಅರ್ಧ ಚದರ ಮೀಟರ್ ನೆಲವನ್ನು ಮುಟ್ಟುತ್ತದೆಂದು ಇಟ್ಟುಕೊಳ್ಳಿ. ಒತ್ತಡ 980 ಪಾಸ್ಕಲ್. ನಿಲ್ಲಿಸಿದಾಗ ಚದರ ಮೀಟರಿನ ಹತ್ತನೆಯ ಒಂದು ಪಾಲನ್ನು ಮಾತ್ರ ಮುಟ್ಟಿದರೆ ಒತ್ತಡ 4,900 ಪಾಸ್ಕಲ್. ತೂಕ ಅದೇ, ಒತ್ತಡ ಐದು ಪಟ್ಟು! ಚೀಲಕ್ಕೆ ಹಾಕುವ ಕೊಕ್ಕೆಯನ್ನು ನೋಡಿ. ಒಂದು ಚದರ ಮಿಲಿಮೀಟರಿನ ಮೊನೆಯ ಮೇಲೆ ಬರಿಯ 50 ನ್ಯೂಟನ್ ಬಲ ಬಿದ್ದರೂ ಒತ್ತಡ 5 ಕೋಟಿ ಪಾಸ್ಕಲ್; ಎಂದರೆ ವಾಯುಮಂಡಲದ ಒತ್ತಡದ ಸುಮಾರು 500 ಪಟ್ಟು. ಸೆಣಬು ಸೀಳದೆ ಏನು ಮಾಡೀತು? ನಮ್ಮ ತಂದೆ ಹೆಗಲಿಗೆ ಮಡಿಸಿದ ಟವೆಲು ಹಾಕಿಕೊಳ್ಳುವುದೂ, ನಮ್ಮ ತಾಯಿ ಕೊಡದ ಕೆಳಗೆ ಸಿಂಬಿ ಇಡುವುದೂ ಇದಕ್ಕಾಗಿಯೇ. ಇವು ಭಾರವನ್ನು ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ. ಅದನ್ನು ಹೆಚ್ಚು ಜಾಗಕ್ಕೆ ಹಂಚುತ್ತವೆ.

ಮೂರನೆಯದು ಶಕ್ತಿ, ಎಂದರೆ ಕೆಲಸ ಮಾಡಬಲ್ಲ ಸಾಮರ್ಥ್ಯ. ಬಲವನ್ನು, ಅದರ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ಬರುವುದು ಕೆಲಸ. ಚೀಲವನ್ನು ನೆಲದಿಂದ 1.2 ಮೀಟರ್ ಎತ್ತರದ ಲಾರಿಗೆ ಏರಿಸಿದಾಗ ಆದ ಕೆಲಸ 588 ಜೂಲ್. ಅಷ್ಟು ಶಕ್ತಿ ಚೀಲದ ಪಾಲಿಗೆ ಜಮೆಯಾಯಿತು. ಚೀಲ ಜಾರಿ ಬಿದ್ದರೆ ಅದೇ ವೇಗವಾಗಿ, ಕೊನೆಗೆ ಶಬ್ದವಾಗಿ, ಶಾಖವಾಗಿ ಹೊರಬೀಳುತ್ತದೆ. ಶಕ್ತಿಗೆ ಹೀಗೆ ಜಮೆ ಖರ್ಚಿನ ಲೆಕ್ಕವುಂಟು. ಬಲಕ್ಕೆ ಅದಿಲ್ಲ, ಮೇಜು ನೂರು ವರ್ಷ ಪುಸ್ತಕವನ್ನು ಹೊತ್ತು ನಿಂತರೂ ಅದಕ್ಕೆ ಏನೂ ಖರ್ಚಾಗದು.

ಈ ಲೆಕ್ಕವನ್ನು ಮುಂದುವರಿಸಿದಾಗ ನನ್ನ ಸಂಕಟ ಇಮ್ಮಡಿಯಾಯಿತು. ನೂರು ಚೀಲ ಏರಿಸಿದರೆ 58,800 ಜೂಲ್. ಎಂದರೆ ಸುಮಾರು 14 ಕಿಲೋಕ್ಯಾಲೊರಿ. ನಾಲ್ಕು ಗ್ರಾಂ ಸಕ್ಕರೆಯಲ್ಲಿ ಇದಕ್ಕಿಂತ ಹೆಚ್ಚು ಶಕ್ತಿಯಿದೆ! ಒಂದು ದಿನದ ದುಡಿಮೆಯ ಬೆಲೆ ಒಂದು ಚಮಚ ಸಕ್ಕರೆಯೆ?

ಪಿ.ಯು.ಸಿ.ಯಲ್ಲಿದ್ದಾಗ ಭೌತವಿಜ್ಞಾನದ ಉಪನ್ಯಾಸಕರೊಬ್ಬರನ್ನು ಅಂಜುತ್ತಲೇ ಕೇಳಿದೆ. ಅವರು ನಗಲಿಲ್ಲ. “ನೀನು ಚೀಲಕ್ಕೆ ಸಂದದ್ದನ್ನು ಮಾತ್ರ ಲೆಕ್ಕ ಹಾಕಿದ್ದೀಯೆ, ನಿಮ್ಮ ತಂದೆಯವರು ತೆತ್ತದ್ದನ್ನು ಹಾಕಿಲ್ಲ” ಎಂದರು. ಮನುಷ್ಯ ಮೇಜಲ್ಲ. ಭಾರ ಹೊತ್ತು ನಿಂತಾಗ ಸ್ನಾಯುವಿನ ಸೂಕ್ಷ್ಮ ಎಳೆಗಳು ಒಂದನ್ನೊಂದು ಹಿಡಿಯುತ್ತ, ಬಿಡುತ್ತ, ಮತ್ತೆ ಹಿಡಿಯುತ್ತಲೇ ಇರುತ್ತವೆ. ಪ್ರತಿ ಸಲವೂ ಅನ್ನದಿಂದ ಬಂದ ಶಕ್ತಿ ವ್ಯಯವಾಗಿ ಶಾಖವಾಗುತ್ತದೆ. ಚೀಲಕ್ಕೆ ಅದರಲ್ಲಿ ಒಂದು ಜೂಲೂ ಸೇರುವುದಿಲ್ಲ. ಹಲಗೆ ಹತ್ತುವಾಗಲಾದರೋ ಚೀಲದ ಜೊತೆಗೆ ತನ್ನ ಮೈಯನ್ನೂ ಎತ್ತಬೇಕು. ಸ್ನಾಯುಗಳು ಖರ್ಚುಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗದಷ್ಟು ಕೆಲಸವಾಗುತ್ತದೆ, ಉಳಿದುದು ಶಾಖವೇ. ಫ್ರಾನ್ಸಿನ ಕೊರಿಯೋಲಿಸ್ 1829ರಲ್ಲಿ ‘ಕೆಲಸ’ ಎಂಬ ಮಾತಿಗೆ ಈ ಖಚಿತವಾದ ಅರ್ಥವನ್ನು ಕೊಟ್ಟದ್ದು ಯಂತ್ರಗಳ ಲೆಕ್ಕಕ್ಕಾಗಿ; ಮನುಷ್ಯನ ದಣಿವನ್ನು ಅಳೆಯುವುದಕ್ಕಲ್ಲ. ಪುಸ್ತಕವೂ ಸುಳ್ಳಲ್ಲ, ದಣಿವೂ ಸುಳ್ಳಲ್ಲ.

ಆದುದರಿಂದ ಮಿತ್ರರೇ, ಈ ಮಾತುಗಳು ಎದುರಾದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಎಷ್ಟು ನೂಕು? ಎಷ್ಟು ಜಾಗದ ಮೇಲೆ? ಎಷ್ಟು ದೂರ ಸರಿಯಿತು? ಮೊದಲನೆಯದು ಬಲವನ್ನು ತಿಳಿಸುತ್ತದೆ. ಎರಡನೆಯದು ಸೇರಿದರೆ ಒತ್ತಡ ತಿಳಿಯುತ್ತದೆ. ಮೊದಲನೆಯದಕ್ಕೆ ಮೂರನೆಯದು ಸೇರಿದರೆ, ಆದ ಕೆಲಸವೂ ಕೈಬದಲಾದ ಶಕ್ತಿಯೂ ತಿಳಿಯುತ್ತವೆ.

ಇದನ್ನೆಲ್ಲ ತಂದೆಗೆ ವಿವರಿಸಿದೆ. ಅವರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, “ಹಂಗಾದ್ರ ಚೀಲಕ್ಕ ಸಿಕ್ಕಿದ್ದು ಸ್ವಲ್ಪ, ಉಳಿದದ್ದೆಲ್ಲ ಇಲ್ಲೇ ಬೆವರಾಗಿ ಹೋತು ಅನ್ನು” ಎಂದರು. ಅಂದು ಇಬ್ಬರೂ ನಕ್ಕೆವು.